ದಿಢೀರ್ ಗೊಂದಲ ಅರಳುಮರಳಲ್ಲ

ಮಾನ್ಯರೇ,

ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಇರುವ ಹಿರಿಯರು ಒಂದೆರಡು ದಿನದಲ್ಲೇ ದಿಢೀರನೆ ಗೊಂದಲಕ್ಕೆ ಬಿದ್ದರೂ ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ಸುಮ್ಮನಾಗುವುದು ನಮ್ಮ ಹಾಸನ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ. ಆ ಕಾಯಿಲೆ ಸಾಗುವುದು ವರ್ಷಗಟ್ಟಲೆ, ನಿಧಾನವಾಗಿ. ರಾತ್ರಿ ಬೆಳಗಾಗುವುದರೊಳಗೆ ಮನೆಯವರ ಗುರುತೇ ಸಿಗದಂತಾದರೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶದ ಕೊರತೆ ಅಥವಾ ಹೊಸ ಮಾತ್ರೆಯನ್ನು ಶಂಕಿಸಬೇಕು.

ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ, ಈ ಕಾಯಿಲೆಯಲ್ಲಿ ಅಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳನ್ನು ಸುತ್ತುವರಿದು ನುಂಗಿ ಹಾಕಲು ಹೆಣಗುತ್ತವೆ. ಕೆಲಸ ಮುಗಿಯದಾದಾಗ ಕೆರಳಿದ ಸ್ಥಿತಿಯಲ್ಲೇ ಉಳಿದು, ಇಂಟರ್‌ಲ್ಯೂಕಿನ್-1 ಬೀಟಾದಂಥ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ನರಕೋಶಗಳ ಕೊಂಡಿಗಳನ್ನೂ ಕತ್ತರಿಸುತ್ತವೆ. ಹೀಗೆ ಮೊದಲೇ ಕೆರಳಿದ ಕೋಶಗಳು ದೇಹದ ಬೇರೆಡೆಯ ಸೋಂಕಿಗೂ ಅತಿಯಾಗಿ ಸ್ಪಂದಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು, ಎಡವಟ್ಟಾಗುವುದು ಇಲ್ಲೇ.

ಉರಿಯೂತ ಎಂದೊಡನೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸುವುದೂ ಬೇಡ. ಅಂಥದೇ ಮಾತ್ರೆಯಾದ ನ್ಯಾಪ್ರಾಕ್ಸೆನ್ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಮರೆವು ನಿಲ್ಲಲಿಲ್ಲ. ಜಠರ, ಮೂತ್ರಪಿಂಡಗಳಿಗೆ ಅಪಾಯವಂತೂ ಉಂಟು.

ಸಕಲೇಶಪುರ, ಅರಕಲಗೂಡಿನಂಥ ತಾಲ್ಲೂಕು ಆಸ್ಪತ್ರೆಗಳು ಇಂಥ ಹಿರಿಯರಿಗೆ ಮೊದಲ ದಿನವೇ ಮೂತ್ರ, ರಕ್ತದ ಸಕ್ಕರೆ, ಸೋಡಿಯಂ ಮತ್ತು ಆಮ್ಲಜನಕದ ಮಟ್ಟ ಪರೀಕ್ಷಿಸುವುದನ್ನು ಕಡ್ಡಾಯ ಮಾಡಲಿ. ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ‘ಈ ಗೊಂದಲ ಯಾವತ್ತಿನಿಂದ? ಇತ್ತೀಚೆಗೆ ಹೊಸ ಮಾತ್ರೆ ಶುರುವಾಗಿದೆಯೇ?’ ಎಂದು ಕೇಳಿ ಬರೆದುಕೊಳ್ಳಲು ಜಿಲ್ಲಾ ಆರೋಗ್ಯ ಇಲಾಖೆ ತರಬೇತಿ ನೀಡಲಿ.

– ಓದುಗ, ಹಾಸನ