ಕೆಲಸ ಒಪ್ಪಿಸುವಾಗ ಪೂರ್ತಿ ಹೇಳಿ

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಮಾಲು ರಿಜೆಕ್ಟ್ ಆದಾಗಲೆಲ್ಲ ಮಷೀನು ಸರಿಯಿಲ್ಲ, ಇಲ್ಲವೇ ಆಪರೇಟರ್ ಸರಿಯಿಲ್ಲ ಅನ್ನುತ್ತಾರೆ. ಅವನಿಗೆ ಕೆಲಸ ಹೇಗೆ ಹೇಳಿದ್ದರು ಅಂತ ಯಾರೂ ಕೇಳುವುದಿಲ್ಲ.

ಈಚೆಗೆ ಒಂದು ಹೈಡ್ರಾಲಿಕ್ ಜಾಬಿನ ಡ್ರಾಯಿಂಗ್ ಬದಲಾಗಿತ್ತು. 25 ಮಿ.ಮೀ. ಬೋರಿಗೆ (ಒಳತೂತಿಗೆ) ಮೊದಲು ಎಚ್8 ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಅನ್ನುವ ಮಿತಿ, ಇತ್ತು; ಹೊಸದರಲ್ಲಿ ಇನ್ನೂ ಬಿಗಿಯಾದ ಎಚ್7. ಅಂದರೆ 25.033ರವರೆಗೆ ನಡೆಯುತ್ತಿದ್ದ ಬೋರು ಇನ್ನು 25.021 ದಾಟುವಂತಿಲ್ಲ. ಬೋರು ಸಣ್ಣದಾದರೆ ಮತ್ತೆ ಹೊಡೆಯಬಹುದು. ದೊಡ್ಡದಾದರೆ ಆ ಕಾಸ್ಟಿಂಗ್ (ಎರಕದ ಪೀಸ್) ಸ್ಕ್ರ್ಯಾಪಿಗೇ. ಸಂಜೆ ಸೂಪರ್‌ವೈಸರ್ ಬೈಕಿನ ಮೇಲೆ ಕುಳಿತೇ ರಾತ್ರಿ ಪಾಳಿಯ ಹುಡುಗನಿಗೆ "ನಿನ್ನೀದೇ ಜಾಬ್ ಓಡಸು, ಅರ್ಜೆಂಟ್ ಐತಿ" ಅಂದು ಹೊರಟುಹೋದರು. ಹೊಸ ಡ್ರಾಯಿಂಗ್ ಆಫೀಸಿನಲ್ಲೇ ಉಳಿದಿತ್ತು. ಹುಡುಗ ಮಷೀನಿಗೆ ತೂಗುಹಾಕಿದ್ದ ಹಳೆಯದನ್ನು ನೋಡಿ ಓಡಿಸಿದ. ಅವನು ಓದಿದ್ದೂ ಸರಿ, ಅಳೆದದ್ದೂ ಸರಿ. ಬೆಳಿಗ್ಗೆ ನಾನು ಬೋರ್ ಗೇಜ್ ಹಾಕಿದರೆ 25.028! ಬೈಸಿಕೊಂಡವನು ಮಾತ್ರ ಅವನೇ. ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಬಂದ ಹುಡುಗ. ಇದು ಅನ್ಯಾಯ ಅಲ್ವಾ?

ಸೂಪರ್‌ವೈಸರುಗಳ ಮೇಲೂ ಒತ್ತಡ ಇರುತ್ತದೆ, ಗೊತ್ತು. ಆದರೆ ಡ್ರಾಯಿಂಗಿನ ರಿವಿಜನ್ ಯಾವುದು, ಎಷ್ಟು ಪೀಸ್ ಬೇಕು, ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ, ರಾತ್ರಿ ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಬರೆದುಕೊಡಲು ಜಾಸ್ತಿ ಹೊತ್ತು ಬೇಡ. ಮೊದಲ ಪೀಸ್ ಯಾರು ಚೆಕ್ ಮಾಡಬೇಕು ಅನ್ನುವುದನ್ನೂ ಹೇಳಬೇಕು. ಅಂದು ಅದೊಂದನ್ನು ಹೇಳಿದ್ದರೂ ಹಾಳಾಗುತ್ತಿದ್ದದ್ದು ಒಂದೇ ಪೀಸ್.

ಇನ್ನೊಂದು ಮಾತು. ನಮ್ಮಲ್ಲಿ ಕನ್ನಡ, ಮರಾಠಿ, ಹಿಂದಿಯವರು ಒಟ್ಟಿಗೇ ಕೆಲಸ ಮಾಡುತ್ತಾರೆ. "ತಿಳೀತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೊಸಬರಂತೂ ಹೆದರಿಕೆಗೇ ಅನ್ನುತ್ತಾರೆ. ಅದರ ಬದಲು "ಏನ್ ಮಾಡ್ತಿ, ಒಮ್ಮೆ ಹೇಳು ನೋಡೋಣ" ಅಂತ ಕೇಳಿ. ತಪ್ಪು ತಿಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕಾರ್ಖಾನೆ ಮಾಲೀಕರಲ್ಲಿ ನನ್ನ ವಿನಂತಿ: ಡ್ರಾಯಿಂಗ್ ಬದಲಾದ ದಿನವೇ ಹಳೆಯದನ್ನು ಮಷೀನಿನಿಂದ ತೆಗೆಸಿ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಮಷೀನಿನ ಮುಂದೆ ನಿಂತು ಮಾತಾಡಲು ಹತ್ತು ನಿಮಿಷ ಬಿಡಿ. ಆ ಹತ್ತು ನಿಮಿಷಕ್ಕೂ ಪಗಾರ ಕೊಡಿ.

– ಕ್ವಾಲಿಟಿ ಇನ್‌ಸ್ಪೆಕ್ಟರ್, ಉದ್ಯಮಬಾಗ, ಬೆಳಗಾವಿ