ಒಂದೇ ಜೀನ್ ನಂಬಿ ಮರ ಕಟ್ಟಬೇಡಿ

ಎಲ್ಲರಿಗೂ ನಮಸ್ಕಾರ. ಜೀವಿಗಳ ವಂಶವೃಕ್ಷ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಓದಿ.

ಒಂದು ಜೀನ್ ನೋಡಿ ಎರಡು ಪ್ರಭೇದಗಳು ಹತ್ತಿರದ ನೆಂಟರು ಎಂದು ತೀರ್ಮಾನಿಸಬೇಡಿ. 2012ರಲ್ಲಿ ಗೊರಿಲ್ಲಾ ಜೀನೋಮ್ (ಅದರ ಪೂರ್ತಿ ಡಿಎನ್‌ಎ ಬರಹ) ಪ್ರಕಟವಾಯಿತಲ್ವಾ? ಒಟ್ಟಾರೆ ನೋಡಿದರೆ ನಮಗೆ ಹತ್ತಿರ ಚಿಂಪಾಂಜಿಯೇ. ಆದರೆ ಜೀನೋಮಿನ ಸುಮಾರು 30% ಭಾಗದಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಮನುಷ್ಯ, ಚಿಂಪಾಂಜಿ ಪರಸ್ಪರ ಇರುವುದಕ್ಕಿಂತ ಗೊರಿಲ್ಲಾ ಮನುಷ್ಯನಿಗೋ ಚಿಂಪಾಂಜಿಗೋ ಹೆಚ್ಚು ಹತ್ತಿರ. ಇದು ಡೇಟಾದ ತಪ್ಪಲ್ಲ. ಪೂರ್ವಜರಲ್ಲಿ ಒಂದೇ ಜೀನ್‌ಗೆ ಹಲವು ರೂಪಗಳಿದ್ದವು. ಕವಲುಗಳು ಬೇಗ ಬೇಗ ಒಡೆದಾಗ ಅವು ಹಾಗೇ ಉಳಿದು, ಬೇರೆ ಬೇರೆ ಕವಲಿಗೆ ಹಂಚಿಹೋದವು. ನನಗಂತೂ ಈ ವಿಷಯದಲ್ಲಿ ಅತಿ ಸುಂದರವಾದ ಭಾಗ ಇದೇ.

ಬೂಟ್‌ಸ್ಟ್ರಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಯದ್ವಾತದ್ವಾ ಆಯ್ದು ಮರ ಕಟ್ಟಿದಾಗ ಒಂದು ಕವಲು ನೂರಕ್ಕೆ ಎಷ್ಟು ಸಲ ಬರುತ್ತದೆ ಎಂಬ ಅಂಕ) 100 ಬಂತು ಅಂತ ಸುಮ್ನೆ ನಂಬಬೇಡಿ. ಡೇಟಾ ತುಂಬಾ ಉದ್ದವಿದ್ದರೆ ತಪ್ಪು ಕವಲಿಗೂ 100 ಬರಬಹುದು. ಪ್ರತಿ ಜೀನ್‌ಗೂ ಬೇರೆ ಮರ ಕಟ್ಟಿ, ಆ ಕವಲನ್ನು ಎಷ್ಟು ಜೀನ್‌ಗಳು ಒಪ್ಪುತ್ತವೆ ನೋಡಿ. ಅಲೈನ್‌ಮೆಂಟನ್ನು (ಬೇರೆ ಬೇರೆ ಪ್ರಭೇದಗಳ ಜೀನ್ ಅಕ್ಷರಗಳನ್ನು ಒಂದರ ಕೆಳಗೊಂದು ಹೊಂದಿಸಿದ್ದನ್ನು) ಕಣ್ಣಾರೆ ನೋಡಿ, ಇದನ್ನು ಬಿಡುವವರೇ ಜಾಸ್ತಿ.

ಗುಂಪಿಗೆ ಮರದ ಚಿತ್ರ ಹಾಕುವಾಗ ಔಟ್‌ಗ್ರೂಪ್ (ಮರದ ಬುಡ ಗುರುತಿಸಲು ಸೇರಿಸುವ ದೂರದ ನೆಂಟ) ಯಾವುದು, ಯಾವ ಮಾಡೆಲ್ (ಡಿಎನ್‌ಎ ಹೇಗೆ ಬದಲಾಗುತ್ತದೆ ಎಂಬ ಲೆಕ್ಕದ ಸೂತ್ರ) ಬಳಸಿದಿರಿ ಎಂಬುದನ್ನೂ ಜೊತೆಗೆ ಬರೆಯಿರಿ.