ಪ್ಲಗ್ ತೆಗ್ದಿದ್ದೆ ಅಪ್ಪಾ ಅಂದ ಮಗಳಿಗೆ

ಪುಟ್ಟಿ,

ಫೋನ್ ಎತ್ತುತಾ ಇಲ್ಲ ನೀನು. ಎತ್ತಿದ್ರೂ ನಾನು ಮತ್ತೆ ಕೂಗಾಡ್ತಿದ್ನೇನೋ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ. ನಿಮ್ಮಮ್ಮ ಮೊದ್ಲು ಸಾರಿ ಕೇಳಿ ಅಂತಿದಾಳೆ. ಕೂಗಿದ್ದಕ್ಕೆ ಸಾರಿ. ಬಿಚ್ಚಿದ ಮೈಕ್ರೋವೇವ್ ಒಳಗೆ ಕೈ ಹಾಕ್ಬೇಡ ಅಂದಿದ್ದಕ್ಕಲ್ಲ.

ಲೈಟ್ ಬರುತ್ತೆ, ತಟ್ಟೆ ತಿರುಗುತ್ತೆ, ಬಿಸಿ ಮಾತ್ರ ಆಗಲ್ಲ ಅಂದ್ಯಲ್ಲ, ಆ ಥರ ಆದ್ರೆ ಮೈಕ್ರೋವೇವ್‌ನಲ್ಲಿ ತೊಂದ್ರೆ ಸಾಮಾನ್ಯವಾಗಿ ಹೈವೋಲ್ಟೇಜ್ ಭಾಗದ್ದೇ, ಅಂದ್ರೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಡಯೋಡು, ಚಾರ್ಜ್ ತುಂಬಿಟ್ಕೊಳ್ಳೋ ಕೆಪ್ಯಾಸಿಟರು, ಬಿಸಿ ಮಾಡೋ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನು. ನೀನು ಕಳಿಸಿದ ಫೋಟೋದಲ್ಲಿ ನಿನ್ನ ಕೈ ಇದ್ದಿದ್ದೂ ಅಲ್ಲೇ. ಅದರ ಮೇಲೆ "ಪ್ಲಗ್ ತೆಗ್ದಿದ್ದೆ ಅಪ್ಪಾ" ಅಂದೆ ನೋಡು, ಆಗ ನನ್ನ ತಲೆ ಕೆಟ್ಟಿದ್ದು.

ನಾನು ಕೆಲ್ಸ ಕಲೀತಿದ್ದಾಗ ಪಕ್ಕದ ಟೇಬಲ್‌ನಲ್ಲಿ ಒಬ್ಬ ಗೆಳೆಯ ಇದ್ದ. ಅವನ ವಿಷ್ಯ ನಿಂಗೆ ಯಾವತ್ತೂ ಹೇಳಿಲ್ಲ. ನನಗಿಂತ ಚೆನ್ನಾಗಿ ಕೆಲ್ಸ ಬರ್ತಿತ್ತು, ಸುಳ್ಳಲ್ಲ. ಒಂದಿನ ಮೈಕ್ರೋವೇವ್ ಬಿಚ್ಚಿದ್ದ, ಪ್ಲಗ್ ತೆಗೆದೇ ಬಿಚ್ಚಿದ್ದ, ವೈರ್ ಟೇಬಲ್ ಮೇಲೆ ಸುತ್ತಿಟ್ಟಿದ್ದು ನಾನೇ ನೋಡಿದೀನಿ. ಕೈ ಒಳಗೆ ಹೋಯ್ತು, ಟಪ್ ಅಂತ ಒಂದು ಸದ್ದು, ಸ್ಟೂಲ್ ಸಮೇತ ಹಿಂದಕ್ಕೆ ಬಿದ್ದ. ಬದುಕಿದ. ಎದ್ದು ಕೂತು ಅವನು ಹೇಳಿದ ಮೊದಲ ಮಾತು "ಪ್ಲಗ್ ತೆಗ್ದಿದ್ನಲ್ಲೋ". ಬೆರಳ ತುದಿ ಸುಟ್ಟಿತ್ತು, ಅದೂ ಗೊತ್ತಾಗಿರ್ಲಿಲ್ಲ ಅವನಿಗೆ, ಅದನ್ನೇ ಮತ್ತೆ ಮತ್ತೆ ಹೇಳ್ತಿದ್ದ.

ಒಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟನ್ನ ಸುಮಾರು 2000ಕ್ಕೆ ಏರ್ಸುತ್ತೆ, ಕೆಪ್ಯಾಸಿಟರ್ ಡಯೋಡ್ ಸೇರಿ ಅದನ್ನ ಇನ್ನೂ ಮೇಲಕ್ಕೆ ಒಯ್ಯುತ್ತವೆ. ಪ್ಲಗ್ ತೆಗೆದ್ರೂ ಆ ಚಾರ್ಜ್ ಕೆಪ್ಯಾಸಿಟರಲ್ಲಿ ಉಳ್ಕೊಂಡಿರಬಹುದು. ಆಫ್ ಮಾಡಿದ್ಮೇಲೆ ಅದನ್ನ ಇಳಿಸೋಕೆ ಅಂತ ಕೆಪ್ಯಾಸಿಟರ್ ಒಳಗೇ ಒಂದು ರೆಸಿಸ್ಟರ್ ಇರುತ್ತೆ, ಅದು ಸರಿಯಿದ್ರೆ ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ. ಅದೇ ಹೋಗಿದ್ರೆ? ಹೊರಗಿಂದ ಏನೂ ಗೊತ್ತಾಗಲ್ಲ ಕಣೇ. ವೋಲ್ಟ್ ಅಳೆಯೋ ಮೀಟರ್ ಇಟ್ಟು ನೋಡ್ತೀನಿ ಅಂತ ಹೊರಡ್ಬೇಡ, ನಿನ್ನ ಹತ್ರ ಇರೋ ಮೀಟರ್ 600 ವೋಲ್ಟ್ ತನಕದ್ದು, ಅದರ ಪ್ರೋಬ್‌ಗಳ, ಅಂದ್ರೆ ಮುಟ್ಟಿಸೋ ಕಡ್ಡಿಗಳ ಇನ್ಸುಲೇಷನ್ನೂ ಅಷ್ಟಕ್ಕೇ, ಎರಡು ಮೂರು ಸಾವಿರ ವೋಲ್ಟ್ ಸಿಕ್ರೆ ಆ ಪ್ಲಾಸ್ಟಿಕ್ ನಿನ್ನ ಕೈ ಕಾಯಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡೋ ವಿಡಿಯೋಗಳನ್ನ ನಾನೂ ನೋಡಿದೀನಿ, ನೋಡಿ ಬೈದೂ ಇದೀನಿ.

ಅವನ ಕೈ ವಾಸಿಯಾಯ್ತು, ಆದ್ರೆ ಆಮೇಲೆ ಯಾವ ಸೆಟ್ ಬಿಚ್ಚಿದ್ರೂ ಒಳಗೆ ಬೆರಳಿಡೋಕೆ ಮುಂಚೆ ಒಂದ್ಸಲ ನನ್ನ ಮುಖ ನೋಡ್ತಿದ್ದ. ಯಾಕೆ ನೋಡ್ತಿದ್ದ ಅಂತ ನಾನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ನಿನ್ನ ರೂಮಲ್ಲಿ ನೀನೊಬ್ಬಳೇ ಇರ್ತೀಯಾ ಪುಟ್ಟಿ.

ಬಿಚ್ಚಲೇಬೇಡ ಅಂತ ಹೇಳ್ತಿಲ್ಲ, ಹಾಗೆ ಅರ್ಥ ಮಾಡ್ಕೋಬೇಡ. ಚಿಕ್ಕೋಳಿದ್ದಾಗಿನ ರಿಮೋಟ್ ಕತೆ ನಿಂಗೂ ಗೊತ್ತು ನಂಗೂ ಗೊತ್ತು, ಬಿಡು. ಹೋದ ತಿಂಗಳು ಟಿವಿ ಪವರ್ ಬೋರ್ಡಲ್ಲಿ ತಲೆ ಉಬ್ಬಿದ ಕೆಪ್ಯಾಸಿಟರ್ ನೀನೇ ಕಂಡುಹಿಡಿದು, ಅಷ್ಟೇ ಮೈಕ್ರೋಫ್ಯಾರಡ್ ಸಾಮರ್ಥ್ಯದ್ದು, ವೋಲ್ಟೇಜ್ ಕಮ್ಮಿ ಆಗದ ಹಾಗೆ, 105 ಡಿಗ್ರಿ ಬಿಸಿ ತಡ್ಕೊಳ್ಳೋದು ನೋಡಿ ಹಾಕಿದೆ ಅಂದಾಗ ನಾನು ಹೂಂ ಅಂದು ಸುಮ್ನಾದೆ, ಆದ್ರೆ ಆಫೀಸಲ್ಲಿ ಸಿಕ್ಕೋರಿಗೆಲ್ಲ ಹೇಳಿದೀನಿ, ಬೇಕಾದ್ರೆ ನಿಮ್ಮಮ್ಮನ್ನ ಕೇಳು. ಅಲ್ಲೂ ಹುಷಾರು ಅನ್ನೋದು ಮಾತ್ರ ಸೇರಿಸ್ತೀನಿ: ಅಂಥ ಬೋರ್ಡಲ್ಲಿ 230 ವೋಲ್ಟ್ ಎಸಿ, ಡಿಸಿಯಾಗಿ ಬದಲಾದ್ಮೇಲೆ 325 ವೋಲ್ಟ್ ಹತ್ರ ಇರುತ್ತೆ, ದೊಡ್ಡ ಕೆಪ್ಯಾಸಿಟರ್ ಪ್ಲಗ್ ತೆಗೆದ್ಮೇಲೂ ಅದನ್ನ ಹಿಡ್ಕೊಂಡಿರಬಹುದು. ಇದನ್ನ ಮೀಟರಲ್ಲಿ ನೋಡಬಹುದು. ನೋಡೋಕೆ ಮುಂಚೆ, ಕರೆಂಟ್ ಇದೆ ಅಂತ ಗೊತ್ತಿರೋ ಕಡೆ ಮೀಟರ್ ಇಟ್ಟು ಅದು ಕೆಲ್ಸ ಮಾಡ್ತಿದ್ಯಾ ನೋಡ್ಕೋ, ಆಮೇಲೆ ಬೋರ್ಡ್ ನೋಡು, ಮತ್ತೆ ಇನ್ನೊಂದ್ಸಲ ಗೊತ್ತಿರೋ ಕಡೆ. ಬ್ಯಾಟರಿ ಡೌನ್ ಆದ ಮೀಟರ್ ಸೊನ್ನೆ ತೋರ್ಸಿದ್ರೆ ಅದನ್ನ ನಂಬಿ ಕೈ ಇಡೋರು ಬೇಕಾದಷ್ಟು ಜನ ಇದಾರೆ.

ಫ್ಯೂಸ್ ಹೋಗಿದ್ರೆ ಅದೇ ರೇಟಿಂಗಿಂದೇ ಹಾಕು, ತಂತಿ ಸುತ್ತಬೇಡ, ಹಾಕಿದ ತಕ್ಷಣ ಮತ್ತೆ ಹೋದ್ರೆ ಮೂರನೇದು ಹಾಕೋ ಬದ್ಲು ಶಾರ್ಟ್ ಎಲ್ಲಿದೆ ಹುಡುಕು. ಅದಕ್ಕೇ ಸೀರೀಸ್ ಬಲ್ಬ್ ಬೋರ್ಡ್, ಅಂದ್ರೆ ಕರೆಂಟ್ ಬಲ್ಬ್ ದಾಟಿಯೇ ಮುಂದೆ ಹೋಗೋ ಥರದ ಬೋರ್ಡ್ ಒಂದು ಮಾಡಿ ಪಾರ್ಸಲ್ ಕಳಿಸ್ತಿದೀನಿ. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು, ಎಲ್‌ಇಡಿ ಹಾಕಿದ್ರೆ ಉಪಯೋಗ ಇಲ್ಲ. ರಿಪೇರಿ ಮಾಡಿದ ಬೋರ್ಡ್‌ಗೆ ಮೊದಲ ಸಲ ಕರೆಂಟ್ ಇದರ ಮೂಲಕ ಕೊಡು, ಬಲ್ಬ್ ಒಂದ್ಸಲ ಮಿಂಚಿ ಮಂಕಾದ್ರೆ ಸರಿ, ಪೂರ್ತಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ ಅಂತ, ಆಫ್ ಮಾಡು. ಬಲ್ಬ್ ಇದೆ ಅಂತ ಶಾಕ್ ಹೊಡಿಯಲ್ಲ ಅಂದ್ಕೋಬೇಡ, ಅದು ಬೋರ್ಡ್ ಸುಡದೇ ಇರೋಕೆ, ನಿನ್ನ ಕಾಪಾಡೋಕಲ್ಲ.

ನೋಡು, ಪಾಠ ಶುರು ಮಾಡ್ಬಿಟ್ಟೆ. ಮೈಕ್ರೋವೇವ್ ಒಂದನ್ನ ಮಾತ್ರ ಮುಚ್ಚಿ ಮೆಕ್ಯಾನಿಕ್‌ಗೆ ಕೊಡು, ಖರ್ಚು ನಂದು. ಕೈಲಾಗಲ್ಲ ಅಂತಲ್ಲ. ನಂಗೆ ನಿದ್ದೆ ಬರಲ್ಲ, ಅಷ್ಟೇ.

ಅವತ್ತು ಮೊಬೈಲ್ ಬ್ಯಾಟರಿ ಉಬ್ಬಿದೆ ಅಂತ ಏನೋ ಕೇಳ್ತಿದ್ದೆ, ನಾನು ಕೂಗಾಟದಲ್ಲಿ ಉತ್ತರಾನೇ ಕೊಡ್ಲಿಲ್ಲ. ಚಾರ್ಜ್ ಹಾಕ್ಬೇಡ, ಒತ್ಬೇಡ, ಚುಚ್ಚಿ ಗಾಳಿ ತೆಗೀತೀನಿ ಅಂತ ಮಾತ್ರ ಹೋಗ್ಬೇಡ, ಬೆಂಕಿ ಹತ್ಕೊಳುತ್ತೆ. ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಟ್ಟು ಬೇರೆ ಬ್ಯಾಟರಿ ಹಾಕಿಸ್ಕೋ, ಇವತ್ತೇ.

ಅಪ್ಪ